ಮಿಂಟೋ ಗಾಡಿಯ ಮುಚ್ಚಳ

ಡೊಂಬಿವಲಿ ಎಂಐಡಿಸಿ
೨೮ ಸೆಪ್ಟೆಂಬರ್ ೨೦೦೭, ಶುಕ್ರವಾರ

ಪ್ರೀತಿಯ ಮಾವ,

ಮಾವನಿಗೆ ಕಾಗದ ಬರೆಯುವಾಗ ಮೇಲ್ತುದಿಯಲ್ಲಿ ಏನೇನು ಬರೆಯಬೇಕು ಅಂತ ಅಮ್ಮ ಥಾಣೆಯ ವರ್ತಕ ನಗರದಿಂದ ಫೋನ್ ಮಾಡಿ ಹೇಳಿಕೊಟ್ಟಳು. ಎರಡು ಸಾಲು ಉಂಟು! ಅದರಲ್ಲಿ ಮೂರು ಒತ್ತಕ್ಷರ ನನಗೆ ಬರೆಯಲು ಬರುವುದಿಲ್ಲ. ಆದ್ದರಿಂದ ಬರೀ 'ಪ್ರೀತಿಯ ಮಾವ'. ಬೇಸರವಿಲ್ಲ ಅಲ್ವಾ?

ನಾನು ಕಾನ್ವೆಂಟಿನಲ್ಲಿ ಓದಿದವಳು, ಕನ್ನಡ ಕಲಿತದ್ದು ಕನ್ನಡ ಸಂಘದ ಭಾನುವಾರದ ಕ್ಲಾಸಿನಲ್ಲಿ, ಅದೂ ಅಲ್ಲಿ ಕೊಡುತ್ತಿದ್ದ ಬಿಸ್ಕೂಟು ಅಂಬಡೆಯ ಆಸೆಗೆ. ತಪ್ಪಿದ್ದಲ್ಲಿ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸಿ. ಉಡುಪಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡ ಗಂಟಲಿಗೆ ಮಾತು ಕೂಡದು ಅಂತ ಡಾಕ್ಟರು ಹೇಳಿದ್ದಾರಂತೆ. ಫೋನ್ ಮಾಡಿದರೆ ಅತ್ತೆ ಎತ್ತುತ್ತಾರೆ, "ಎಲ್ಲ ಸರಿ ಉಂಟು, ನೀವು ಊಟ ಮಾಡಿ" ಅನ್ನುತ್ತಾರೆ, ಇಡುತ್ತಾರೆ. ಅದಕ್ಕೇ ಈ ಕಾಗದ. ನೀವು ಮಾತಾಡಬಾರದು, ನನಗೆ ಮಾತಾಡದೆ ಆಗುವುದಿಲ್ಲ. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಕ್ಕೀತು!

ಮದುವೆಯಾಗಿ ನಾಲ್ಕು ತಿಂಗಳು ಎಂಟು ದಿನ. ಕಶ್ಯಪ ಲೆಕ್ಕ ಇಡುವುದಿಲ್ಲ, ನಾನು ಇಡುತ್ತೇನೆ. ಮೊನ್ನೆ ಕಲ್ಯಾಣದಲ್ಲಿ ಅವನ ಸ್ನೇಹಿತ ತನ್ನ ಮಿಂಟೋ ಗಾಡಿಯಲ್ಲಿ ನಮ್ಮನ್ನು ಸ್ಟೇಷನ್ನಿಗೆ ಬಿಟ್ಟ. ನಾನು ಮುಂದಿನ ಸೀಟಿನಲ್ಲಿ ಕೂತವಳೇ ಗ್ಲೋವ್ ಬಾಕ್ಸಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ, ಹಾಕಿದೆ. "ವಹಿನಿ, ಏನಾದರೂ ಬೇಕಿತ್ತಾ?" ಅಂತ ಅವನು ಕೇಳಿದ. "ಏನೂ ಬೇಡ, ಇದು ನಮ್ಮ ಮಾವ ಮಾಡಿದ್ದು" ಅಂದೆ. ಹಿಂದೆ ಕೂತ ಕಶ್ಯಪ ಕಿಟಕಿಯ ಹೊರಗೆ ನೋಡುತ್ತಿದ್ದ. ಮದುವೆಗೆ ಮೊದಲು ಎಷ್ಟು ಮಿಂಟೋದಲ್ಲಿ ಕೂತಿದ್ದೇನೋ, ಆ ಮುಚ್ಚಳವನ್ನು ಒಬ್ಬ ಮನುಷ್ಯ ಮಾಡಿರುತ್ತಾನೆ ಅಂತ ಒಂದು ಸಲವೂ ಹೊಳೆದಿರಲಿಲ್ಲ.

ಈಗ ನಾನೂ ದಿನಾ ಮಧ್ಯಾಹ್ನ ಗಾಳಾಕ್ಕೆ ಹೋಗುತ್ತೇನೆ. ಕಾರ್ಖಾನೆಯನ್ನು ಇಲ್ಲಿಯವರ ಹಾಗೆ ಗಾಳಾ ಅನ್ನಲು ಕಲಿತೆ ನೋಡಿ. ಇನ್‌ವಾಯ್ಸ್ ಟೈಪು ಮಾಡಿ, ಸಾಬವ್ವನ ಹತ್ತಿರ ಕೂತು ಬಿಸಿ ಮುಚ್ಚಳದ ಅಂಚಿನ ಹೆಚ್ಚುವರಿ ಪ್ಲಾಸ್ಟಿಕ್ಕನ್ನು ಚಾಕುವಿನಲ್ಲಿ ತೆಗೆಯಲು ಕಲಿಯುತ್ತಿದ್ದೇನೆ. ಸಾಬವ್ವ, "ವೈನಿ, ನೀವು ಬೆಳ್ಳುಳ್ಳಿ ಸುಲದಂಗ ಮಾಡಾಕತ್ತೀರಿ" ಅಂತ ನಕ್ಕಳು.

ಒಂದೇ ಒಂದು ಚಿಂತೆಯ ವಿಷಯ. ಮಿಂಟೋದ ಹೊಸ ಮಾದರಿ ಬರುತ್ತದಂತೆ. ಅದರ ಮುಚ್ಚಳದ ಕೆಲಸ ಯಾರಿಗೆ ಕೊಡಬೇಕೆಂದು ನೋಡಲು ಗಾಡಿ ಕಂಪನಿಯ ಮಾಪೆ ಆಫೀಸಿನವರು ನವೆಂಬರ್ ೨೯ಕ್ಕೆ ತಪಾಸಣೆಗೆ ಬರುತ್ತಾರೆ. ನೂರಕ್ಕೆ ಎಂಬತ್ತೈದು ಅಂಕ ಬರಬೇಕು. ಆ ಕೆಲಸ ಸಿಗದಿದ್ದರೆ ಮೂರು ಮಷೀನಿನಲ್ಲಿ ಎರಡಕ್ಕೆ ತಾಡಪಾಲು ಹೊದೆಸಬೇಕು, ಹದಿನಾಲ್ಕು ಜನರಲ್ಲಿ ಒಂಬತ್ತು ಜನರನ್ನು ಮನೆಗೆ ಕಳಿಸಬೇಕು ಅಂದ ಕಶ್ಯಪ. ಆದರೆ ಸಿಕ್ಕೇ ಸಿಗುತ್ತದೆ! ನನಗೆ ಗೊತ್ತು.

ನಿಮ್ಮ
ಅಪೇಕ್ಷಾ

*

ಉಡುಪಿ
೮ ಅಕ್ಟೋಬರ್ ೨೦೦೭

ಅಪೇಕ್ಷಾ,

ಒಂಬತ್ತು ಪುಟದ ಕಾಗದ ತಲುಪಿತು. ಎಲ್ಲಿಯೂ ಕೆಂಪು ಪೆನ್ನು ಬೇಕಾಗಲಿಲ್ಲ. ಒಂದೆರಡು ಕಡೆ ಬೇಕಿತ್ತು, ಆದರೆ ಇಲ್ಲಿ ಕೆಂಪು ಪೆನ್ನು ಇಲ್ಲ.

ಆ ಮುಚ್ಚಳ ನಾನೊಬ್ಬನೇ ಮಾಡಿದ್ದಲ್ಲ. ಆದರೂ ನೀನು ಮಾತು ತೆಗೆದ ಮೇಲೆ ಅದರ ಕತೆ ಹೇಳುತ್ತೇನೆ. ಮೊದಲ ಮಿಂಟೋ ಬಂದದ್ದು ಎಪ್ಪತ್ತೆಂಟರಲ್ಲಿ ಅಲ್ಲ, ತೊಂಬತ್ತೆಂಟರಲ್ಲಿ. (ಔಷಧಿಯಿಂದ ಕೈ ಒಂದು ಬರೆಯುತ್ತದೆ, ತಲೆ ಇನ್ನೊಂದು.) ಮುಚ್ಚಳದ ಮೇಲೆ ಚರ್ಮದ ಹಾಗೆ ಸಣ್ಣ ಗೆರೆ ಬೇಕು, ಬಣ್ಣ ಹಾಲು ಹಾಕಿದ ರಾಗಿ ಗಂಜಿಯ ಹಾಗಿರಬೇಕು ಅಂದರು ಕಂಪನಿಯವರು. ಹನ್ನೊಂದು ಸಲ ಮಾಡಿ ತೋರಿಸಿದೆ. ಹನ್ನೆರಡನೆಯದಕ್ಕೆ ಒಪ್ಪಿದರು. ಮರುವರ್ಷ ಬೇಸಿಗೆಯಲ್ಲಿ ರಾಜಸ್ಥಾನದಿಂದ ದೂರು: ಬಿಸಿಲಲ್ಲಿ ನಿಂತ ಗಾಡಿಯ ಮುಚ್ಚಳ ಸೊಟ್ಟಗಾಗಿ ಬಾಯಿ ಮುಚ್ಚುವುದಿಲ್ಲ. ಹಿಂಬದಿಗೆ ಒಂದು ಅಡ್ಡ ಪಟ್ಟಿ ಕೊಟ್ಟೆವು, ಸರಿಯಾಯಿತು. ೨೦೦೧ರಲ್ಲಿ ಒಳಬದಿಗೆ ಚಹಾ ಲೋಟ ಇಡಲು ಎರಡು ಗುಂಡಿ ಬಂತು. ೨೦೦೪ರಲ್ಲಿ ಬೀಗ ಬಂತು, ಹಿಡಿ ಬದಲಾಯಿತು. ಇಂಜಿನು ಮೂರು ಸಲ ಬದಲಾಗಿದೆ, ಮೂತಿ ಎರಡು ಸಲ. ಬಣ್ಣ ಮತ್ತು ಗೆರೆ ಮಾತ್ರ ಆ ಹನ್ನೆರಡನೆಯದ್ದೇ.

ಜನ ಗಾಡಿ ಕೊಳ್ಳುವಾಗ ಇಂಜಿನು ನೋಡುತ್ತಾರೆ. ಮುಟ್ಟುವುದು ಮುಚ್ಚಳವನ್ನು.

ಗಂಟಲು ಪರವಾಗಿಲ್ಲ. ದೀಪಾವಳಿಯ ಹೊತ್ತಿಗೆ ಸ್ವರ ಬರಬಹುದು.

ಪುಂಡರೀಕಾಕ್ಷ

*

ಉಡುಪಿ
೧೭ ಅಕ್ಟೋಬರ್ ೨೦೦೭
(ಅಂಚೆ ಕಾರ್ಡು)

ಅಪೇಕ್ಷಾ, ಒಂದು ಮಾತು ಹಿಂದಿನ ಕಾಗದದಲ್ಲಿ ಬಿಟ್ಟುಹೋಯಿತು. ಕಬ್ಬಿಣದ ಕಪಾಟಿನ ಮೇಲಿನ ಅರೆಯಲ್ಲಿ ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟದ್ದೇ ಆ ಹನ್ನೆರಡನೆಯ ಮುಚ್ಚಳ. ಹಿಂಬದಿಗೆ ಕಂಪನಿಯವರ ಸಹಿ ಉಂಟು. ನಾವು ಮಾಡುವ ಪ್ರತಿಯೊಂದು ಮುಚ್ಚಳದ ಬಣ್ಣ, ಗೆರೆ ಅದಕ್ಕೆ ಹೊಂದಬೇಕು. ಅದು ಕೆಟ್ಟರೆ ನಮ್ಮ ಹತ್ತಿರ ಅಳತೆಯೇ ಇಲ್ಲ. ಆಯುಧ ಪೂಜೆಗೆ ಎಲ್ಲದಕ್ಕೂ ಹಚ್ಚಿ, ಅದಕ್ಕೆ ಮಾತ್ರ ಏನೂ ಹಚ್ಚಬೇಡಿ, ಬಿಚ್ಚಲೂ ಬೇಡಿ. ಕಶ್ಯಪನಿಗೆ ಗೊತ್ತುಂಟು, ಆದರೆ ಅವನು ಹೇಳಲು ಮರೆಯುವವನು. ಪುಂ.

*

ಡೊಂಬಿವಲಿ ಎಂಐಡಿಸಿ
೨೧ ಅಕ್ಟೋಬರ್ ೨೦೦೭, ವಿಜಯದಶಮಿ

ಪ್ರೀತಿಯ ಮಾವ,

ನಿನ್ನೆ ಪೂಜೆ ಎಷ್ಟು ಚೆನ್ನಾಗಿ ಆಯಿತು ಗೊತ್ತಾ! ನಾನು ನಿಂತುಕೊಂಡು ಮಾಡಿಸಿದ ಮೊದಲ ಪೂಜೆ. ಮೂರು ಮಷೀನಿಗೂ ಗೊಂಡೆ ಹೂವಿನ ಮಾಲೆ, ಮಾವಿನೆಲೆ. ಅತ್ತೆಯ ಜರಿ ಸೀರೆ ಉಟ್ಟು, ತಟ್ಟೆ ಹಿಡಿದು, ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚುತ್ತಾ ಬಂದೆ. ತಕ್ಕಡಿ, ಸ್ಪಾನರು, ಸಾಬವ್ವನ ಚಾಕು, ಕಂಪ್ಯೂಟರಿನ ಇಲಿ, ಒಂದನ್ನೂ ಬಿಡಲಿಲ್ಲ. "ಫ್ಯಾನಿಗೂ ಹಚ್ಚುತ್ತೀಯಾ?" ಅಂತ ಕಶ್ಯಪ ಗೇಲಿ ಮಾಡಿದ. ಸ್ಟೂಲು ಹತ್ತಿ ಫ್ಯಾನಿಗೂ ಹಚ್ಚಿದೆ.

ಇನ್ನೊಂದು ಸಂಗತಿ ಕೇಳಿ. ಎಲ್ಲರೂ ಹೊರಗೆ ಪ್ರಸಾದಕ್ಕೆ ಕೂತಿದ್ದಾಗ ನೋಡಿದೆ, ಕಪಾಟಿನ ಮೇಲಿನ ಅರೆಯಲ್ಲಿ ಕಪ್ಪು ಬಟ್ಟೆಯ ಒಂದು ಗಂಟು. ಬಿಚ್ಚಿದರೆ ಒಂದು ಹಳೇ ಮುಚ್ಚಳ! ಪಾಪ, ಎಲ್ಲರೂ ಮರೆತು ಮೂಲೆಗೆ ಹಾಕಿದ್ದಾರೆ. ಎಲ್ಲರಿಗೂ ಹಬ್ಬ, ಇದಕ್ಕೊಂದೇ ಸೂತಕವಾ? ಹೊರಗೆ ತೆಗೆದು ಒರೆಸಿ ನಡುಮಧ್ಯದಲ್ಲಿ ಅರಿಶಿನ ಕಲಸಿ ಬಳಿದು, ಅದರ ಮೇಲೆ ದೊಡ್ಡ ಕುಂಕುಮದ ಬೊಟ್ಟು ಇಟ್ಟೆ. ಥೇಟ್ ಮದುಮಗಳು. ಈಗ ಕಪಾಟಿನೊಳಗೇ ಉಂಟು, ನಾಡಿದ್ದು ಹೂವು ತೆಗೆಯುವಾಗ ಒರೆಸಿ ಬಟ್ಟೆ ಸುತ್ತುತ್ತೇನೆ.

ಕೆಲಸದವರೆಲ್ಲ, "ಹೊಸ ಸೊಸೆಯ ಕಾಲ್ಗುಣ, ಈ ಸಲ ಹೊಸ ಮಿಂಟೋ ನಮ್ಮದೇ" ಅಂದರು. ನನಗೆ ನೆಲ ಕಾಲಿಗೆ ಸಿಗಲಿಲ್ಲ. ನೀವು ಇರಬೇಕಿತ್ತು.

ನಿಮ್ಮ
ಅಪೇಕ್ಷಾ

*

ಡೊಂಬಿವಲಿ ಎಂಐಡಿಸಿ
೨೪ ಅಕ್ಟೋಬರ್ ೨೦೦೭

ಪ್ರೀತಿಯ ಮಾವ,

ನಿಮ್ಮ ಕಾರ್ಡು ನಿನ್ನೆ ಬಂತು.

ಹಿಂದಿನ ಕಾಗದದಲ್ಲಿ ಕಪ್ಪು ಬಟ್ಟೆ ಅಂತ ಏನೋ ಬರೆದಿದ್ದೆನಲ್ಲ, ಅದು ಕಪ್ಪು ಅಲ್ಲ, ನೀಲಿ. ಅದು ಬೇರೆ ಮುಚ್ಚಳ, ಕೆಳಗಿನ ಅರೆಯದ್ದು. ನೀವು ಹೇಳಿದ್ದು ಮೇಲಿನ ಅರೆಯಲ್ಲೇ ಭದ್ರವಾಗಿ ಉಂಟು. ನೀವು ಏನೂ ಯೋಚನೆ ಮಾಡಬೇಡಿ, ಔಷಧಿ ಸರಿಯಾಗಿ ತೆಗೆದುಕೊಳ್ಳಿ. ಇಲ್ಲಿ ಹವೆ ಚೆನ್ನಾಗಿದೆ. ಕಶ್ಯಪ ಚೆನ್ನಾಗಿದ್ದಾನೆ. ನಾನೂ ಚೆನ್ನಾಗಿದ್ದೇನೆ.

ಅಪೇಕ್ಷಾ

*

ಉಡುಪಿ
೩೧ ಅಕ್ಟೋಬರ್ ೨೦೦೭

ಅಪೇಕ್ಷಾ,

ಎರಡೂ ಕಾಗದ ಒಂದೇ ದಿನ ಬಂದವು. ಅಂಚೆಯವರ ಕೃಪೆ. ಬೇರೆ ಮುಚ್ಚಳವೆಂದು ತಿಳಿದು ಸಮಾಧಾನವಾಯಿತು.

ಇನ್ನೊಂದು ತಿಂಗಳು ಉಂಟು ತಪಾಸಣೆಗೆ. ಬರುವ ಪ್ರಫುಲ್ಲಾ ಮೇಡಂ ಒಳ್ಳೆಯ ಹೆಂಗಸು. ಚಹಾ ಕುಡಿಯುವುದಿಲ್ಲ, ಒತ್ತಾಯ ಮಾಡಬೇಡಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಮಷೀನಿನ ಅಡಿಯಲ್ಲಿ ಎಣ್ಣೆ ಒರೆಸಿರಲಿ.

ನಿನ್ನ ಕಾಗದ ಈ ಸಲ ಅರ್ಧ ಪುಟವೂ ಇರಲಿಲ್ಲ. ಒಂಬತ್ತು ಪುಟ ಓದುವ ಅಭ್ಯಾಸ ಮಾಡಿಸಿ ಹೀಗೆ ಮಾಡಬಾರದು. ಇಲ್ಲಿ ನನಗೆ ಬೇರೆ ಕೆಲಸ ಇಲ್ಲ. ಗಂಟಲು ಸುಧಾರಿಸುತ್ತಿದೆ.

ಪುಂಡರೀಕಾಕ್ಷ

*

ಡೊಂಬಿವಲಿ ಎಂಐಡಿಸಿ
೧೬ ನವೆಂಬರ್ ೨೦೦೭, ಶುಕ್ರವಾರ

ಮಾವ,

ಬಟ್ಟೆ ನೀಲಿ ಅಲ್ಲ, ಕಪ್ಪೇ. ಅರೆ ಮೇಲಿನದ್ದೇ. ಮುಚ್ಚಳ ಹನ್ನೆರಡನೆಯದ್ದೇ. ಇದನ್ನು ಬರೆಯಲು ನನಗೆ ಇಪ್ಪತ್ತಮೂರು ದಿನ ಬೇಕಾಯಿತು.

ನಿಮ್ಮ ಕಾರ್ಡು ಬಂದಾಗ ಕುಂಕುಮ ಮೂರು ದಿನ ಕೂತು ಪ್ಲಾಸ್ಟಿಕ್ಕಿನ ಗೆರೆಯೊಳಗೆ ಇಳಿದಿತ್ತು. ಸೋಪು ಹಾಕಿ ತಿಕ್ಕಿದೆ, ಕೊಬ್ಬರಿ ಎಣ್ಣೆ ಹಾಕಿದೆ, ಹೋಗಲಿಲ್ಲ. ಆಮೇಲೆ ನನ್ನ ನೇಲ್ ಪಾಲಿಶ್ ತೆಗೆಯುವ ದ್ರಾವಣ ಹಾಕಿದೆ. ಕೆಂಪು ಸ್ವಲ್ಪ ಹೋಯಿತು, ಅದರ ಸಂಗಡ ಗೆರೆಯೂ ಕರಗಿ ಹೋಯಿತು. ಈಗ ನಡುಮಧ್ಯದಲ್ಲಿ ಅಂಗೈಯಗಲ ಜಾಗ ನುಣುಪಾಗಿ ಹೊಳೆಯುತ್ತದೆ, ಸುತ್ತ ಗುಲಾಬಿ. ನನ್ನ ಬೀರುವಿನಲ್ಲಿ ಸೀರೆಗಳ ನಡುವೆ ಬಚ್ಚಿಟ್ಟೆ. ಕಾಲ್ಗುಣ ಅಂದಿದ್ದರಲ್ಲ, ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಬಂದ ಐದೇ ತಿಂಗಳಿಗೆ ಮನೆಯ ಹತ್ತು ವರ್ಷದ ದುಡಿಮೆ ಅಳಿಸಿದವಳು ಅಂತ ಆಗುತ್ತದೆ. ಕಶ್ಯಪ ತಪಾಸಣೆಯ ಮುಂಚಿನ ದಿನವೇ ಆ ಗಂಟು ಬಿಚ್ಚುವವನು, ಅಲ್ಲಿಯವರೆಗೆ ಏನಾದರೂ ದಾರಿ ಸಿಕ್ಕೀತು ಅಂದುಕೊಂಡೆ.

ಮೊದಲು ತಿಳಿದದ್ದು ಸಾಬವ್ವನಿಗೆ. "ವೈನಿ, ಕರೀ ಅರಬಿ ಖಾಲಿ ಐತಲ್ರೀ?" ಅಂದಳು.

"ತೊಳೆಯಲು ಕೊಟ್ಟಿದ್ದೇನೆ" ಅಂದೆ.

"ಏನ, ಮುಚ್ಚಳಾನ? ಯಾವ ಧೋಬಿಗ್ರೀ?"

ನಾನು ಅತ್ತುಬಿಟ್ಟೆ. ಅವಳು ಚಾಕು ಕೆಳಗಿಟ್ಟಳು. "ಯಜಮಾನ್ರು ದಿನಾ ಮುಂಜಾನೆ ಅದನ್ನ ತಗದು ನೋಡಿ, ಆಮ್ಯಾಲೆ ಮಷಿನ್ ಚಾಲೂ ಮಾಡತಿದ್ರು. ಅವರಿಗೆ ತಿಳದಿಲ್ಲ ಅನಕೊಂಡೀರೇನು? ಒಂಬತ್ತು ಮಂದಿ ಮನೀಗೆ ಹೋಗೂದು ಐತಿ. ಅದರಾಗ ನಾನೂ ಒಬ್ಬಾಕಿ. ಹೇಳಿಬಿಡ್ರೀ."

ದೀಪಾವಳಿಯ ಪಾಡ್ಯದ ದಿನ ಕಶ್ಯಪನಿಗೆ ಹೇಳಿದೆ. ಎರಡು ದಿನ ಊಟಕ್ಕೂ ಗಾಳಾದಿಂದ ಬರಲಿಲ್ಲ. ಮೂರನೆಯ ದಿನ ಚಹಾ ಕುಡಿಯುತ್ತಾ ಇದ್ದಕ್ಕಿದ್ದ ಹಾಗೆ, "ನೇಲ್ ಪಾಲಿಶ್ ರಿಮೂವರ್! ಅಪೇಕ್ಷಾ, ನೇಲ್ ಪಾಲಿಶ್ ರಿಮೂವರ್!" ಅಂದ. ಲೋಟ ತೊಳೆದಿಟ್ಟ. ಆಮೇಲೆ, "ತಪ್ಪು ನನ್ನದೂ ಉಂಟು, ನಾನು ಹೇಳಬೇಕಿತ್ತು" ಅಂದ.

ಮೊನ್ನೆ ಬುಧವಾರ ಮುಚ್ಚಳವನ್ನು ಚೀಲದಲ್ಲಿ ಹಾಕಿಕೊಂಡು ಶಿಳಫಾಟಾ ದಾರಿಯ ಬಸ್ಸು ಹಿಡಿದು ಮಾಪೆಗೆ ಹೋದೆ. ಕಶ್ಯಪ ಬರುತ್ತೇನೆ ಅಂದ, ನಾನೇ ಬೇಡ ಅಂದೆ. ಪ್ರಫುಲ್ಲಾ ಮೇಡಂ ನನ್ನನ್ನು ಕೂರಿಸಿ, ನಾನು ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡರು.  ಮುಚ್ಚಳವನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಮರಾಠಿಯಲ್ಲಿ, "ನಿಮ್ಮ ಮನೆಯಲ್ಲಿ ಎಷ್ಟು ಜನ?" ಅಂದರು.

"ನಾಲ್ಕು, ಮೇಡಂ."

"ಇಬ್ಬರು ಒಪ್ಪಿಕೊಂಡಾಯಿತು. ಉಳಿದಿಬ್ಬರು ಯಾವಾಗ ಬರುತ್ತಾರೆ?"

ಡ್ರಾವರಿನಿಂದ ಒಂದು ಕಾಗದ ತೆಗೆದು ಮುಂದಿಟ್ಟರು. ನಿಮ್ಮ ಅಕ್ಷರ, ಮರಾಠಿಯಲ್ಲಿ. ಅಕ್ಟೋಬರ್ ೩೧. ನನಗೆ 'ಸಮಾಧಾನವಾಯಿತು' ಅಂತ ಬರೆದ ಅದೇ ದಿನ! ಕಳೆದ ವರ್ಷದ ದಸರಾದಲ್ಲಿ ನಾನೇ ತಿಳಿಯದೆ ಕುಂಕುಮ ಹಚ್ಚಿದೆ, ತಪ್ಪು ನನ್ನದು, ನನ್ನ ಮಕ್ಕಳಿಗೆ ಇದರ ಅರಿವಿಲ್ಲ, ಅಂತ.

"ಮಾರ್ಚಿನಲ್ಲಿ ನಾನೇ ನಿಮ್ಮ ಗಾಳಾಕ್ಕೆ ಬಂದು ಈ ಮುಚ್ಚಳ ನೋಡಿದ್ದೇನೆ" ಅಂದರು ಮೇಡಂ. "ಆಗ ಒಂದು ಕಲೆಯೂ ಇರಲಿಲ್ಲ. ಕೆಟ್ಟ ಮುಚ್ಚಳಕ್ಕೆ ನನ್ನ ಹತ್ತಿರ ದಾರಿ ಉಂಟು. ನಮ್ಮಲ್ಲಿ ಅದರ ಜೋಡಿ ಉಂಟು, ಅದಕ್ಕೆ ಹೊಂದಿಸಿ ಹೊಸದಕ್ಕೆ ಸಹಿ ಹಾಕಬಹುದು. ಈ ಕಾಗದಕ್ಕೆ ಏನು ಮಾಡಲಿ? ಹತ್ತು ವರ್ಷದಲ್ಲಿ ಪುಂಡರೀಕಾಕ್ಷ ರಾವ್ ಒಂದು ಸುಳ್ಳನ್ನೂ ಬರೆದು ಕೊಟ್ಟವರಲ್ಲ."

ಈಗ ಏನು ಮಾಡಬೇಕು ಅಂತ ಕೇಳಿದೆ, ಮಾವ. 

ನೀವು ಆ ಕಾಗದವನ್ನು ಬರವಣಿಗೆಯಲ್ಲಿ ವಾಪಸು ತೆಗೆದುಕೊಳ್ಳಬೇಕಂತೆ. ಆಗಲೂ ಅಂಕ ಹೋಗುತ್ತದೆ. ತೆಗೆದುಕೊಳ್ಳದಿದ್ದರೆ ತಪಾಸಣೆಯೇ ಇಲ್ಲ.

ನನ್ನನ್ನು ಉಳಿಸಲು ನೀವು ಹಾಗೆ ಬರೆದಿರಿ. ನಾನು ನಿಜ ಹೇಳಲು ಹೋಗಿ ನಿಮ್ಮನ್ನು ಸುಳ್ಳುಗಾರನನ್ನಾಗಿ ಮಾಡಿ ಬಂದೆ. ಬಸ್ಸಿನಲ್ಲಿ ಡೊಂಬಿವಲಿಯವರೆಗೂ ಇದನ್ನೇ ಯೋಚಿಸಿದೆ. ಹೋಗಬಾರದಿತ್ತು ಅಂತ ಮಾತ್ರ ಅನ್ನಿಸುತ್ತಿಲ್ಲ.

ಅಪೇಕ್ಷಾ

*

ಉಡುಪಿ
೨೨ ನವೆಂಬರ್ ೨೦೦೭

ಅಪೇಕ್ಷಾ,

ಇದರ ಸಂಗಡ ಪ್ರಫುಲ್ಲಾ ಮೇಡಂಗೆ ಬರೆದ ಕಾಗದದ ನಕಲು ಇಟ್ಟಿದ್ದೇನೆ. ಮೂಲವನ್ನು ಕೊರಿಯರಿನಲ್ಲಿ ಕಳಿಸಿದೆ. ಮೊದಲ ಕಾಗದ ಸುಳ್ಳು, ಬರೆದವನು ನಾನೇ, ಬೇರೆ ಯಾರೂ ಹೇಳಿ ಬರೆಸಿದ್ದಲ್ಲ, ಅಂತ ಮೂರು ಸಾಲು. ಈ ಮೂರು ಸಾಲಿಗೆ ಇಡೀ ಬೆಳಗು ಹೋಯಿತು. ಅದನ್ನು ಮುಗಿಸಿದ ಮೇಲೆ ಕೈಗೆ ಅಭ್ಯಾಸವಾಗಿತ್ತು. ಹಾಗಾಗಿ ನಿನಗೂ ಒಂದು ಬರೆಯುತ್ತೇನೆ.

ಸ್ವರ ಬರುವುದಿಲ್ಲ. ಡಾಕ್ಟರು ಅಕ್ಟೋಬರ್ ಐದರಂದೇ ಹೇಳಿದರು. ಬರೀ ಗಾಳಿ ಬರುತ್ತದೆ, ಸೈಕಲ್ಲಿನ ಟ್ಯೂಬಿನಿಂದ ಬಂದ ಹಾಗೆ. ಮಕ್ಕಳಿಗೆ ಈಗಲೇ ಬೇಡ, ತಪಾಸಣೆ ಮುಗಿಯಲಿ ಅಂತ ನಿನ್ನ ಅತ್ತೆ ವನಮಾಲಾಳಿಂದ ಆಣೆ ಹಾಕಿಸಿಕೊಂಡೆ. ಅವಳು ಫೋನಿನಲ್ಲಿ ನಿಮ್ಮ ಹತ್ತಿರ ಎರಡೇ ಮಾತಾಡಿ ಇಡುವುದು ಅದಕ್ಕೆ. ಮೂರನೆಯ ಮಾತಿಗೆ ಅತ್ತುಬಿಡುತ್ತಾಳೆ.

ನೀನು ನೀಲಿ ಬಟ್ಟೆ ಅಂದಾಗ ನನಗೆ ಕೋಪ ಬಂದಿತ್ತು. ಆ ಗಾಳಾದಲ್ಲಿ ನೀಲಿ ಬಟ್ಟೆಯೇ ಇಲ್ಲ. ಆದರೆ ಅದೇ ಟೇಬಲ್ಲಿನ ಮೇಲೆ ನಾನು 'ದೀಪಾವಳಿಗೆ ಸ್ವರ ಬರಬಹುದು' ಅಂತ ಬರೆದು ಎಷ್ಟು ದಿನವಾಗಿತ್ತು? ಹುಡುಗಿಗೆ ಬುದ್ಧಿ ಹೇಳಲು ನನಗೆ ಬಾಯಿಯೂ ಇರಲಿಲ್ಲ, ಮುಖವೂ ಇರಲಿಲ್ಲ. ಅದಕ್ಕೆ ಮಾಪೆಗೆ ಆ ಕಾಗದ ಬರೆದೆ. ನಿನಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡೆ. ಈಗ ಯೋಚಿಸಿದರೆ ಉಪಕಾರವಲ್ಲ. ಮಾತು ಹೋದವನು ಇನ್ನೂ ಮನೆಯನ್ನು ತಾನೇ ನಡೆಸುತ್ತೇನೆ ಅಂತ ತೋರಿಸಲು ಹೊರಟದ್ದು.

ನೀನು ಒಬ್ಬಳೇ ಮಾಪೆಗೆ ಹೋದದ್ದನ್ನು ಎರಡು ಸಲ ಓದಿದೆ.

ತಪಾಸಣೆಯ ದಿನ ಸ್ಯಾಂಪಲ್, ಅಂದರೆ ಆ ಸಹಿ ಹಾಕಿದ ಮುಚ್ಚಳ, ಯಾರ ಜವಾಬ್ದಾರಿ ಅಂತ ಒಂದು ಫಾರಮ್ಮಿನಲ್ಲಿ ಹೆಸರು ಕೇಳುತ್ತಾರೆ. ಹತ್ತು ವರ್ಷದಿಂದ ನನ್ನ ಹೆಸರು ಉಂಟು. ಅದನ್ನು ಹೊಡೆದುಹಾಕಿ ನಿನ್ನ ಹೆಸರು ಬರೆ. ಅದು ಎಷ್ಟು ಬೇಗ ಕೆಡುತ್ತದೆ ಅಂತ ನಿನ್ನಷ್ಟು ಚೆನ್ನಾಗಿ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಪುಂಡರೀಕಾಕ್ಷ

*

ಡೊಂಬಿವಲಿ ಎಂಐಡಿಸಿ
೪ ಡಿಸೆಂಬರ್ ೨೦೦೭

ಮಾವ,

ಹೊಸ ಮಿಂಟೋ ನಮಗೆ ಸಿಗಲಿಲ್ಲ.

ಇದನ್ನು ನಿಮಗೆ ಬರೆಯಬಾರದು ಅಂತ ಕಶ್ಯಪ ಹೇಳಿದ. ಅತ್ತೆಯೂ ಫೋನಿನಲ್ಲಿ, "ಗಂಟಲಿಗೆ ರೇಡಿಯೇಷನ್ ಕರೆಂಟಿನ ಟ್ರೀಟ್‌ಮೆಂಟು ಇನ್ನೂ ಆರು ದಿನ ಉಂಟು ಮಾರಾಯ್ತಿ, ಅದು ಮುಗಿಯಲಿ, ಅಲ್ಲಿಯವರೆಗೆ ಇನ್ನೂ ತಿಳಿದಿಲ್ಲ ಅಂತ ಹೇಳು" ಅಂದರು. ಇಬ್ಬರಿಗೂ ಹೂಂ ಅಂದೆ. ಆಮೇಲೆ ಪೆನ್ನು ತೆಗೆದುಕೊಂಡೆ.

ನಮಗೆ ಎಂಬತ್ತನಾಲ್ಕು ಬಂತು. ಎಂಬತ್ತೈದು ಬೇಕಿತ್ತು. ಸ್ಯಾಂಪಲ್ ಕಾಪಾಡದ್ದಕ್ಕೆ ಎರಡು ಹೋಯಿತು, ನಿಮ್ಮ ಮೊದಲ ಕಾಗದಕ್ಕೆ ಎರಡು. ಎರಡರಲ್ಲಿ ಒಂದೇ ಆಗಿದ್ದರೆ ದಾಟುತ್ತಿದ್ದೆವು. ಅಂಕದ ಹಾಳೆ ಇದರೊಟ್ಟಿಗೆ ಉಂಟು, ನೀವೇ ನೋಡಿ.

ಮೇಡಂ ತಮ್ಮ ಆಫೀಸಿನ ಜೋಡಿ ಮುಚ್ಚಳ ತಂದಿದ್ದರು. ಅವತ್ತು ಬೆಳಿಗ್ಗೆ ಮಾಡಿದ ರಾಶಿಯಿಂದ ಕಣ್ಣು ಮುಚ್ಚಿ ಮೂರು ಎತ್ತಿಕೊಂಡು ದೀಪದ ಕೆಳಗೆ ಅದರ ಪಕ್ಕ ಇಟ್ಟರು. ನಾಲ್ಕನ್ನೂ ಅದಲು ಬದಲು ಮಾಡಿದರು. ಆಮೇಲೆ ತಮ್ಮದು ಯಾವುದು ಅಂತ ಅವರಿಗೇ ಗೊತ್ತಾಗಲಿಲ್ಲ, ತಿರುಗಿಸಿ ಹಿಂಬದಿಯ ಸಹಿ ನೋಡಬೇಕಾಯಿತು. ಒಂದು ತಿಂಗಳು ಸ್ಯಾಂಪಲ್ ಇಲ್ಲದೆ ಮಷೀನು ನಡೆದಿತ್ತಲ್ಲ, ಯಾವುದಕ್ಕೆ ಹೊಂದಿಸುತ್ತಿದ್ದಿರಿ ಅಂತ ಕೇಳಿದರು. ಸಾಬವ್ವ, "ಯಜಮಾನ್ರು ದಿನಾ ನೋಡೂದನ್ನ ನಾವೂ ನೋಡಿ ನೋಡಿ ಕಣ್ಣಾಗ ಕುಂತೈತ್ರಿ" ಅಂದಳು. ನಾನು ಮರಾಠಿಯಲ್ಲಿ ಹೇಳಿದೆ. ಮೇಡಂ ಅದನ್ನು ಬರೆದುಕೊಂಡರು. ಆದರೆ ಅದಕ್ಕೆ ಅಂಕದ ಕಾಲಮ್ಮು ಇಲ್ಲವಂತೆ.

ಹಳೆಯ ಮಿಂಟೋ ೨೦೦೯ರ ಮಾರ್ಚಿನವರೆಗೆ ನಡೆಯುತ್ತದೆ, ಟ್ಯಾಕ್ಸಿಯವರು ಕೇಳುತ್ತಾರಂತೆ. ಆಮೇಲೆ ಹತ್ತು ವರ್ಷ ಬಿಡಿಭಾಗಕ್ಕಾಗಿ ಆಗಾಗ ಸ್ವಲ್ಪ ಬೇಕು. ಅಷ್ಟು ನಮ್ಮದೇ. ಈ ವರ್ಷ ಒಂದು ಮಷೀನಿಗೆ ತಾಡಪಾಲು ಹೊದೆಸುತ್ತೇವೆ, ಎರಡಕ್ಕಲ್ಲ. ನಾಲ್ಕು ಜನ ಹೋದರು. ಅವರ ಹೆಸರು ಹಾಳೆಯ ಹಿಂದೆ ಬರೆದಿದ್ದೇನೆ. ಸಾಬವ್ವ ಇದ್ದಾಳೆ.

ಹೊಸ ಸ್ಯಾಂಪಲ್ಲಿಗೆ ಸಹಿ ಆಯಿತು. ಫಾರಮ್ಮಿನಲ್ಲಿ ನನ್ನ ಹೆಸರು ಬರೆದೆ.

ಅಪೇಕ್ಷಾ

*

ಉಡುಪಿ
೧೧ ಡಿಸೆಂಬರ್ ೨೦೦೭

ಅಪೇಕ್ಷಾ,

ಅಂಕದ ಹಾಳೆ ನೋಡಿದೆ. ಪ್ರಫುಲ್ಲಾ ಮೇಡಂ ಸರಿಯಾಗಿಯೇ ಕೊಟ್ಟಿದ್ದಾರೆ.

ಹೋದ ನಾಲ್ವರ ಹೆಸರು ಓದಿದೆ. ಇಬ್ಬರಿಗೆ ಅಂಬರ್‌ನಾಥದ ಒಂದು ಕಡೆ ನಾನು ಬರೆದರೆ ಕೆಲಸ ಸಿಕ್ಕೀತು. ಇನ್ನಿಬ್ಬರಿಗೆ ಎಲ್ಲಿ ಅಂತ ಯೋಚಿಸುತ್ತಿದ್ದೇನೆ.

ಮೂರು ತಿಂಗಳಿಂದ ಇಲ್ಲಿ ಎಲ್ಲರೂ ನನಗೆ ಒಳ್ಳೆಯ ಸುದ್ದಿಯನ್ನೇ ಹೇಳುತ್ತಿದ್ದಾರೆ. ಅಕ್ಕಿಗೆ ಹುಳ ಬಿದ್ದರೂ ಹೇಳುವುದಿಲ್ಲ. ಮಾತು ಬಾರದವನ ಹತ್ತಿರ ಯಾರೂ ಜಗಳ ಸಹ ಆಡುವುದಿಲ್ಲ, ಅದು ನಿನಗೆ ಗೊತ್ತಿರಲಿಕ್ಕಿಲ್ಲ. ನಿನ್ನ ಕಾಗದದ ಮೊದಲ ಸಾಲು ಇನ್ನೊಮ್ಮೆ ಓದಿದೆ. ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡ ಹಾಗೂ ಆಯಿತು.

ಹದಿನೆಂಟಕ್ಕೆ ಮತ್ಸ್ಯಗಂಧ ರೈಲಿನಲ್ಲಿ ಹೊರಡುತ್ತೇವೆ. ಥಾಣೆಯಲ್ಲಿ ಇಳಿಯುತ್ತೇವೆ. ಕಶ್ಯಪ ಬರಲಿ, ನೀನು ಗಾಳಾದಲ್ಲಿರು. ತಾಡಪಾಲಿನ ಒಳಗೆ ಇಲಿ ಸೇರುತ್ತದೆ, ವೈರು ಕಡಿಯುತ್ತದೆ. ವಾರಕ್ಕೊಮ್ಮೆ ತೆಗೆದು ನೋಡಬೇಕು.

ಪುಂಡರೀಕಾಕ್ಷ

*

(ಗಾಳಾದಲ್ಲಿ, ಮಷೀನಿನ ಸದ್ದಿನ ನಡುವೆ, ಹಳೆಯ ಚಲನ್ ಪುಸ್ತಕದ ಹಿಂಬದಿಯಲ್ಲಿ ಮಾವ ಸೊಸೆ ಒಬ್ಬರಿಗೊಬ್ಬರು ಬರೆದುಕೊಂಡ ಚೀಟಿಗಳು)

ಡೊಂಬಿವಲಿ, ೩೧ ಮಾರ್ಚ್ ೨೦೦೯

ಕಶ್ಯಪನಿಗೆ ಹೇಳು, ಫೋಟೋ ಆಮೇಲೆ. ಮೊದಲು ಮುಚ್ಚಳದ ಅಚ್ಚು ತಣ್ಣಗಾಗಲಿ, ಎಣ್ಣೆ ಹಚ್ಚಬೇಕು.

ಹೇಳಿದೆ ಮಾವ. ಹಾರ ತಂದಿದ್ದಾನಂತೆ, ಬಾಡುತ್ತದಂತೆ.

ಬಾಡಲಿ.

ಹಳೆಯ ಮಿಂಟೋದ ಕೊನೆಯ ಮುಚ್ಚಳ ಬಂತು. ನಾನೇ ತೆಗೆದೆ. ಇದನ್ನು ಏನು ಮಾಡುವುದು? ಕಶ್ಯಪ ಮನೆಯಲ್ಲಿ ಗಾಜಿನ ಕಪಾಟಿನಲ್ಲಿಡೋಣ ಅನ್ನುತ್ತಾನೆ.

ಮನೆಗಲ್ಲ. ಕೊನೆಯದು ಅಚ್ಚಿನ ಸಂಗಡ ಇರಬೇಕು. ತಂತಿಯಲ್ಲಿ ಅಚ್ಚಿಗೇ ಕಟ್ಟಿ ಇಡುವುದು ಕ್ರಮ.

ಎಡ ಮೂಲೆಯಲ್ಲಿ ಒಂದು ಸಣ್ಣ ಕುಳಿ ಬಿದ್ದಿದೆ. ದೀಪಕ್ಕೆ ಹಿಡಿದರೆ ಕಾಣುತ್ತದೆ. ಮಷೀನು ಇನ್ನೂ ಬಿಸಿ ಉಂಟು. ಇನ್ನೊಂದು ಹೊಡೆಯಲೇ? ಚೆನ್ನಾಗಿರುವುದನ್ನು ಕಟ್ಟೋಣ.

ಬೇಡ. ಕುಳಿ ಇದ್ದದ್ದನ್ನೇ ಕಟ್ಟು. ಮುಂದೆ ಯಾವಾಗಲೋ ಈ ಅಚ್ಚು ತೆರೆಯುವವನಿಗೆ ತೊಂದರೆ ಎಲ್ಲಿ ಉಂಟು ಅಂತ ಗೊತ್ತಾಗಬೇಕು. ಕುಳಿಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಹಾಕಿ ತಾರೀಕು ಬರೆ.